ಒನಕೆ ತೊಟ್ಟ ತೋಳು

ಮುದುಕನಿಗೆ ಮರೆವು ಬಂದಿದೆ ಎಂದು ಫೋನಿನ ಗ್ರೂಪಿನಲ್ಲಿ ಬರೆದವರು ಯಾರೋ, ಅವರು ಮೊದಲು ಕಿವಿ ಕೊಟ್ಟು ಕೇಳಿ. ಎಪ್ಪತ್ತೊಂಬತ್ತಕ್ಕೆ ನನ್ನ ಮಂಡಿ ಹೋಗಿದೆ, ಹಲ್ಲು ಹೋಗಿದೆ, ಜ್ಞಾಪಕ ಹೋಗಿಲ್ಲ. ನಿಮ್ಮ ಅಪ್ಪಂದಿರ ಮದುವೆಯ ಅಂಗಿಗೆ ಯಾವ ಬಣ್ಣದ ದಾರ ಕೊಟ್ಟೆ ಎಂದು ಈಗ ಕೇಳಿದರೂ ಹೇಳುತ್ತೇನೆ. ನೀವೋ, ನಿನ್ನೆ ತಂದ ಸೊಪ್ಪಿನ ಹೆಸರು ಹೇಳಲು ಹೆಂಡತಿಯ ಮುಖ ನೋಡುವವರು. ಸಾಕ್ಷಿ ಬೇಕೆಂದರೆ ಇಗೋ, ಅಂಗಿ ತೊಟ್ಟುಕೊಂಡೇ ಮಾತಾಡುತ್ತಿದ್ದೇನೆ. ಪೂರ್ತಿ ತೋಳಿನದು, ಜೋಡಿ ಹೊಲಿಗೆಯದು. ಎದುರಿಗೆ ಸೊಸೆ ಕೂತಿದ್ದಾಳೆ, ಅಂಗಿಯ ಮೇಲೆ ಕಣ್ಣಿಟ್ಟುಕೊಂಡು. ಸುಳ್ಳು ಬಂದರೆ ಅವಳೇ ಹೇಳುತ್ತಾಳೆ.

ಬೇರೆ ಊರಿನಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಾಗಿ ಒಂದು ಮಾತು. ನಮ್ಮೂರಿನಲ್ಲಿ ಸುಳ್ಳು ಹೇಳಿದರೆ, ಹೇಳಿದವರ ಮೈಮೇಲಿನ ಹೊಲಿಗೆ ಬಿಚ್ಚುತ್ತದೆ. ಸಣ್ಣ ಸುಳ್ಳಿಗೆ ಒಂದು ಗುಂಡಿ, ದೊಡ್ಡದಕ್ಕೆ ಬಗಲು. ಯಾಕೆ ಎಂದು ನಾವು ಕೇಳಿಲ್ಲ, ನೀವೂ ಕೇಳಬೇಡಿ. ಅದಕ್ಕೇ ನಮ್ಮಲ್ಲಿ ಹೆಣ್ಣು ನೋಡಲು ಬರುವ ಗಂಡು ಎಂಥ ಬಿಸಿಲಿನಲ್ಲೂ ಕೋಟು ತೊಟ್ಟೇ ಬರಬೇಕು. ಮದುವೆ ದಲ್ಲಾಳಿ ಹೊಲಿಗೆಯಿಲ್ಲದ ಪಂಚೆ, ಶಲ್ಯ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಾಯಿಲೆಯವರನ್ನು ನೋಡಲು ಹೊರಟ ಹೆಂಗಸರು ರವಿಕೆಗೆ ನಾಲ್ಕು ಪಿನ್ನು ಹೆಚ್ಚಿಗೆ ಚುಚ್ಚಿಕೊಳ್ಳುತ್ತಾರೆ, "ಮುಖ ಎಷ್ಟು ಗೆಲುವಾಗೈತೆ" ಎನ್ನಬೇಕಲ್ಲ. ಚಡ್ಡಿಯಿಂದ ಹಿಡಿದು ಪೈಜಾಮದವರೆಗೆ ಎಲ್ಲಕ್ಕೂ ಲಾಡಿ. ಹೊಲಿಗೆ ಬಿಚ್ಚಿದರೂ ಗಂಟು ಬಿಚ್ಚದೆ ಮಾನ ಉಳಿಯಲಿ ಎಂದು. ಇಲಾಸ್ಟಿಕ್ ಎಂಬುದನ್ನು ಆಗ ನಾವು ಕಂಡವರೇ ಅಲ್ಲ. ಇಂಥ ಊರಿನಲ್ಲಿ ನಾನು ದಾರ, ಗುಂಡಿಯ ಅಂಗಡಿ ಇಟ್ಟಿದ್ದೆ. ಊರಿನ ಬಾಯಿ ಸುಮ್ಮನಿದ್ದರೆ ನನ್ನ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ.

ಎದುರು ಅಂಗಡಿ ಚಂದ್ರಭಾಗಾಳದು. ಆಗ ಐವತ್ತರ ಹೆಂಗಸು. ಗಂಡ ಹೋದ ಮೇಲೆ ಅವನ ಹೊಲಿಗೆ ಯಂತ್ರದ ಮುಂದೆ ಕೂತು ಅವನಿಗಿಂತ ಚೆನ್ನಾಗಿ ಹೊಲಿದವಳು. ಎಲ್ಲರೂ ಚಂದ್ರಕ್ಕ ಎನ್ನುತ್ತಿದ್ದರು. ಅವಳಿಗೆ ಒಂದೇ ಒಂದು ಜಂಬ. "ನನ್ ಹೊಲಿಗೆ ಸುಳ್ಳಿಗೆ ಬಿಟ್ರೆ ಬೇರೆ ಯಾತಕ್ಕೂ ಬಿಚ್ಚಲ್ಲ" ಎನ್ನುವಳು. ಅದು ನಿಜವೇ. ಮಂಡಕ್ಕಿ ಭಟ್ಟಿಯ ಹೆಂಗಸರು ಒಲೆಯ ಮುಂದೆ ಬೆವರಿ, ಬಗ್ಗಿ, ಎದ್ದು, ರವಿಕೆಯ ಬಟ್ಟೆ ಸವೆದು ಸೊಳ್ಳೆ ಪರದೆಯಂತಾದರೂ ಅವಳ ಹೊಲಿಗೆ ಕೂತಲ್ಲೇ ಕೂತಿರುತ್ತಿತ್ತು. ಈ ಜಂಬವನ್ನು ನೆನಪಿಟ್ಟುಕೊಳ್ಳಿ. ಎಡವಟ್ಟಾದದ್ದು ಅದರಿಂದಲೇ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಬಕ್ಕೇಶಪ್ಪನ ಭಟ್ಟಿಯಲ್ಲಿ ಹಾಲಮ್ಮ ಎಂಬವಳು ಮಂಡಕ್ಕಿ ಹುರಿಯುತ್ತಿದ್ದಳು. ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳುವಷ್ಟರಲ್ಲಿ ಜಾಲರಿಯಲ್ಲಿ ಬಾಚಿ ಎತ್ತಬೇಕು. ಒಂದು ಉಸಿರು ತಡವಾದರೆ ಕಪ್ಪು. ಹಾಲಮ್ಮನ ಬಲಗೈ ಓಡುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಒಲೆಗೆ ಭತ್ತದ ಹೊಟ್ಟು ಸುರಿಯುವ ಬಾಯಿಗೊಂದು ತಗಡಿನ ಬಾಗಿಲು. ಒಂದು ಬೆಳಿಗ್ಗೆ ಆ ಬಾಗಿಲು ಕಳಚಿ ಬಿತ್ತು, ಬೆಂಕಿ ಹೊರಕ್ಕೆ ನೆಗೆಯಿತು, ಆ ಬಲಗೈ ಬೆರಳಿನಿಂದ ತೋಳಿನವರೆಗೆ ಬೆಂದಿತು. "ಕೊಂಡಿ ಮುರಿದೈತೆ ಅಂತ ಸಾವ್ಕಾರ್ರಿಗೆ ಮೂರು ಸಲ ಹೇಳಿದ್ದೆ" ಎಂದಳು ಹಾಲಮ್ಮ. "ನನಗೆ ಯಾರೂ ಹೇಳಿಲ್ಲ. ಕೊಂಡಿ ಗಟ್ಟಿಯಾಗೇ ಇತ್ತು, ಹರಟೆ ಹೊಡೀತಾ ಇವಳೇ ತೆಗೆದಿರ್ತಾಳೆ" ಎಂದ ಬಕ್ಕೇಶಪ್ಪ. ಹಾಲಮ್ಮ ಹೇಳಿದ್ದು ರವಿಕೆ ತೊಟ್ಟು. ಬಕ್ಕೇಶಪ್ಪ ಹೇಳಿದ್ದು ಪಂಚೆ ಉಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು. ಮೂವತ್ತು ವರ್ಷದಿಂದ ಅವನದು ಅದೇ ವೇಷ, ಮದುವೆಯ ಫೋಟೋದಲ್ಲೂ ಬರಿಮೈ. ಊರು ಹಾಲಮ್ಮನನ್ನು ನಂಬಿತು. ಊರ ಬಾಯಿಗೆ ಅಂಜಿ ಬಕ್ಕೇಶಪ್ಪನೂ ಕೊಂಡಿ ಸರಿ ಮಾಡಿಸಲು ಕಮ್ಮಾರನಿಗೆ ಹೇಳಿ ಕಳಿಸಿದನಂತೆ.

ಗಾಯ ಮಾಯಿತು. ಆದರೆ ಸುಟ್ಟ ಗಾಯ ಮಾದ ಮೇಲೆ ಇನ್ನೊಂದು ಆಟ ಶುರು ಮಾಡುತ್ತದೆ. ಕಲೆ ಹಗ್ಗದಂತೆ ಉಬ್ಬುತ್ತದೆ, ಗಟ್ಟಿಯಾಗುತ್ತದೆ, ಬೆರಳನ್ನು ಒಳಕ್ಕೆ ಸೆಳೆದು ಮಡಚಿಬಿಡುತ್ತದೆ. ದೊಡ್ಡಾಸ್ಪತ್ರೆಗೆ ಗುರುವಾರಕ್ಕೊಮ್ಮೆ ಐರಿನ್ ಮೇಡಂ ಎಂಬ ಕರಾವಳಿ ಕಡೆಯವರು ಬಂದು ಕೈಕಾಲಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಅವರು ಚಂದ್ರಭಾಗಾಳ ಅಂಗಡಿ ಹುಡುಕಿಕೊಂಡು ಬಂದು ಒಂದು ಬಟ್ಟೆ ಬಿಡಿಸಿ ತೋರಿಸಿದರು. ಚರ್ಮದ ಬಣ್ಣದ್ದು, ಎಳೆದರೆ ಬರುವುದು, ಬಿಟ್ಟರೆ ಹೋಗುವುದು. "ಪ್ರೆಷರ್ ಗಾರ್ಮೆಂಟ್ ಅಂತ. ಕಲೆಯನ್ನು ಒತ್ತಿ ಹಿಡಿಯುವುದು. ರೆಡಿಮೇಡ್ ತರಿಸಿದರೆ ಒಬ್ಬರ ಕೈಗೂ ಸರಿ ಕೂರುವುದಿಲ್ಲ. ಅವಳ ಕೈಯ ಅಳತೆಗೇ ಹೊಲಿಬೇಕು. ನಿಮ್ಮಿಂದ ಆಗ್ತದಾ?" ಎಂದರು. ಚಂದ್ರಭಾಗಾ ಆ ಬಟ್ಟೆಯನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಅವಳ ಕಣ್ಣಿನಲ್ಲಿ ಅಂಥ ಹೊಳಪನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

ಹಾಲಮ್ಮ ಬಂದು ಕೈ ಚಾಚಿದಳು. ಚಂದ್ರಭಾಗಾ ಟೇಪು ಹಿಡಿದವಳು ಮುಟ್ಟಲು ಹಿಂದೆ ಮುಂದೆ ನೋಡಿದಳು. "ಹಿಡಿ ಚಂದ್ರಕ್ಕ, ನಾನೇನ್ ಹಪ್ಪಳನಾ ಮುರಿಯಾಕೆ" ಎಂದಳು ಹಾಲಮ್ಮ. ಇಂಚಿಗೊಂದರಂತೆ ಸುತ್ತಳತೆ, ಬೆರಳಿಗೆ ಬೆರಳಿಗೆ ಬೇರೆ, ಹೆಬ್ಬೆರಳ ಸಂದಿಗೆ ಬೇರೆ. ಅಳತೆಯಲ್ಲೇ ಅರ್ಧ ದಿನ ಹೋಯಿತು. ಆಮೇಲೆ ಅದರಲ್ಲಿ ಹತ್ತಕ್ಕೆ ಒಂದೂವರೆ ಪಾಲು ಕಡಿಮೆ ಮಾಡಿ ಕತ್ತರಿಸಬೇಕಂತೆ. "ಜನ್ಮವೆಲ್ಲಾ ಬಿಗಿಯಾಯ್ತು ಅಂತ ಬೈಸ್ಕಂಡೆ. ಈಗ ಬಿಗಿಯಾಗ್ಲಿಲ್ಲ ಅಂದ್ರೆ ಬೈಸ್ಕಬೇಕು" ಎಂದು ಚಂದ್ರಭಾಗಾ ನಕ್ಕಳು. ಮೊದಲು ಒಂದು ತೋಳನ್ನು ಪರೀಕ್ಷೆಗೆಂದು ಹೊಲಿದಳು. ಯಾರ ಕೈಗೆ ಹಾಕಿ ನೋಡುವುದು? ಮೂಲೆಯಲ್ಲಿ ಅವಳ ಅತ್ತೆಯ ಕಾಲದ ಒನಕೆ ನಿಂತಿತ್ತು. ಹಳೇ ಸೀರೆ ಸುತ್ತಿ ಹಾಲಮ್ಮನ ತೋಳಿನಷ್ಟೇ ದಪ್ಪ ಮಾಡಿ, ಅದಕ್ಕೆ ತೊಡಿಸಿದಳು. ಚರ್ಮದಂತೆ ಕಚ್ಚಿಕೊಂಡು ಕೂತಿತು. ಸುಕ್ಕಿಲ್ಲ, ಸಡಿಲಿಲ್ಲ. ನಾನು ದಾರದ ಉಂಡೆ ಕೈಯಲ್ಲಿ ಹಿಡಿದೇ ರಸ್ತೆ ದಾಟಿ ಹೋಗಿ ನೋಡಿದೆ. ಒನಕೆ ಅಲ್ಲೇ ನಿಂತಿತು, ಬಂದವರಿಗೆ ತೋರಿಸಲೆಂದು.

ಆಮೇಲೆ ಹಾಲಮ್ಮನಿಗೆ ಎರಡು ತೋಳು, ಒಂದು ತೊಡಲು, ಒಂದು ಒಗೆಯಲು. ಬೆರಳು ಸಮೇತ ಇಡೀ ಕೈಗೆ. ದಿನಕ್ಕೆ ಇಪ್ಪತ್ತಮೂರು ಗಂಟೆ ತೊಡಬೇಕು. ಸ್ನಾನಕ್ಕೆ, ಕೊಬ್ಬರಿ ಎಣ್ಣೆ ತಿಕ್ಕಲು ಮಾತ್ರ ತೆಗೆಯಬೇಕು. ಐರಿನ್ ಮೇಡಂ, "ಮೂರು ತಿಂಗಳಿಗೆ ಹೊಸತು ಹೊಲಿಬೇಕು ಚಂದ್ರಕ್ಕ" ಎಂದೂ ಹೇಳಿದ್ದರು. ಚಂದ್ರಭಾಗಾ ತಲೆಯಾಡಿಸಿ, ಅವರು ಆಚೆ ಹೋದ ಮೇಲೆ ನನಗೆ ಹೇಳಿದಳು: "ಅದು ಬೇರೆ ಊರ ಟೈಲರ್‌ಗಳ ಕಥೆ. ನನ್ ಹೊಲಿಗೆ ಮೂರು ವರ್ಷ ಬಂದೀತು." ಮೊದಲ ತಿಂಗಳು ಊರಿಗೆ ಅದೇ ಹಬ್ಬ. ಕಲೆ ತಗ್ಗಿತು, ಬೆರಳು ನೆಟ್ಟಗಾದವು, ಹಾಲಮ್ಮ ಖಾಲಿ ಜಾಲರಿ ಹಿಡಿದು ಅಂಗಳದಲ್ಲಿ ಗಾಳಿ ಬಾಚುತ್ತಿದ್ದಳು. ದಸರೆಯ ಹೊತ್ತಿಗೆ ಭಟ್ಟಿಗೆ ವಾಪಸಾಗುತ್ತೇನೆ ಎನ್ನುತ್ತಿದ್ದಳು.

ಎರಡೂವರೆ ತಿಂಗಳಿಗೆ ತೋಳು ಸಡಿಲವಾಯಿತು. ಎರಡೂ. ಮೊಣಕೈ ಹತ್ತಿರ ಸುಕ್ಕು ಬಿತ್ತು, ಬೆರಳ ತುದಿಯಲ್ಲಿ ಬಟ್ಟೆ ಅಲ್ಲಾಡಿತು. ಸಂತೆಯ ದಿನ ಅವಳು ನಮ್ಮ ಬೀದಿಯಲ್ಲಿ ಹೋಗುವಾಗ ಅದನ್ನು ಒಬ್ಬರು ನೋಡಿದರು, "ಹಾಲಮ್ಮನ ತೋಳು ಸಡಿಲಾಗೈತೆ, ನೋಡ್ರಪ್ಪ" ಎಂದರು. ಯಾರು ಎಂದು ನನಗೆ ನೆನಪಿಲ್ಲ. ಸೊಸೆ ಯಾಕೋ ಹುಬ್ಬು ಏರಿಸುತ್ತಿದ್ದಾಳೆ, ಇರಲಿ, ಆಮೇಲೆ ಕೇಳುತ್ತೇನೆ. ಸಂಜೆಗೆ ಮುಂಚೆ ಇಡೀ ಊರಿಗೆ ಗೊತ್ತಾಯಿತು. ರವಿಕೆ ಗಟ್ಟಿ ಇದೆಯಲ್ಲ ಎಂದು ಒಬ್ಬಿಬ್ಬರು ಅಂದರು. "ರವಿಕೆಗೇನು ಗೊತ್ತು? ಬೆಂದ ಕೈ ಮೇಲಿನ ಹೊಲಿಗೆಗೇ ಗೊತ್ತಿರೋದು, ಅದು ಬೆಂದಿದ್ದು ಹೆಂಗೆ ಅಂತ" ಎಂದು ಉಳಿದವರು ಬಾಯಿ ಮುಚ್ಚಿಸಿದರು. ನಾಳೆ ನಾಳೆ ಎನ್ನುತ್ತಿದ್ದ ಕಮ್ಮಾರನಿಗೆ ಬಕ್ಕೇಶಪ್ಪ ಬರಬೇಡ ಎಂದು ಹೇಳಿ ಕಳಿಸಿದ. ಮುರಿದ ಬಾಗಿಲಿಗೆ ತಂತಿ ಬಿಗಿದು, ಅದೇ ಒಲೆಯ ಮುಂದೆ ಇನ್ನೊಬ್ಬಳನ್ನು ಕೂರಿಸಿದ.

ಹಾಲಮ್ಮ ತೋಳು ಹಿಡಿದುಕೊಂಡು ಚಂದ್ರಭಾಗಾಳ ಹತ್ತಿರ ಓಡಿ ಬಂದಳು. ಈ ಚಂದ್ರಭಾಗಾ ಏನು ಮಾಡಬೇಕಿತ್ತು? ಬಟ್ಟೆಯನ್ನು ಬೆಳಕಿಗೆ ಹಿಡಿದು ಹೊಲಿಗೆ ನೋಡಬೇಕಿತ್ತು. ನೋಡಲಿಲ್ಲ. ತನ್ನ ಹೊಲಿಗೆ ಸುಳ್ಳಿಗಲ್ಲದೆ ಬಿಚ್ಚುವುದಿಲ್ಲವಲ್ಲ. ಬಾಯಿ ಬಿಡದೆ ಹಳೇ ಹೊಲಿಗೆಯ ಒಳಗೆ ಇನ್ನೊಂದು ಸಾಲು ಹೊಡೆದು ಬಿಗಿ ಮಾಡಿ ಕೊಟ್ಟಳು. ಹತ್ತು ದಿನಕ್ಕೆ ಅದೂ ಸಡಿಲವಾಯಿತು. ಎರಡನೇ ಸಲ ಬಂದಾಗ ಅವಳು ಯಂತ್ರದಿಂದ ತಲೆಯೆತ್ತದೆ ಹೇಳಿದಳು: "ಹಾಲಮ್ಮ, ನಾನು ಎಷ್ಟು ಸಲಾನಾದ್ರೂ ಹೊಲಿದು ಕೊಡ್ತೀನಿ. ನೀನು ಒಂದೇ ಒಂದು ಸಲ ನಿಜ ಹೇಳ್ಬಿಡವ್ವ, ತಾನೇ ನಿಲ್ತದೆ." ಹಾಲಮ್ಮ ಕೈಯಿಂದ ತೋಳನ್ನು ಕಳಚಿದಳು. ಆಮೇಲೆ ಎರಡೂ ತೋಳನ್ನು ಮಡಿಸಿ, ಅಂಗಡಿಯ ಕಟ್ಟೆಯ ಮೇಲಿಟ್ಟು, "ನಿನ್ ವಸ್ತು ನಿನ್ ಹತ್ರಾನೇ ಇರ್ಲಿ ಚಂದ್ರಕ್ಕ. ಇದನ್ನ ತೊಟ್ರೆ ಕಳ್ಳಿ, ಬಿಟ್ರೆ ಸೊಟ್ಟಗೈಯವಳು. ಸೊಟ್ಟಗೈಯವಳೇ ಆಗ್ತೀನಿ" ಎಂದು ಹೊರಟುಹೋದಳು.

ಒಂದು ತಿಂಗಳು ಬರಿಗೈಯಲ್ಲಿ ಮನೆಯೊಳಗೇ ಕೂತಳು. ಕಲೆ ಅದನ್ನೇ ಕಾಯುತ್ತಿತ್ತು. ಕೆಂಪಗೆ ಉಬ್ಬಿ ಏರಿತು. ಕಿರುಬೆರಳು ಅಂಗೈ ಕಡೆ ಬಾಗಿತು, ಉಂಗುರದ ಬೆರಳು ಅದರ ಹಿಂದೆ ಹೊರಟಿತು.

ಐರಿನ್ ಮೇಡಂ ಎರಡು ತಿಂಗಳ ರಜೆ ಮುಗಿಸಿ ಬಂದ ಗುರುವಾರ, ಆಸ್ಪತ್ರೆಗೆ ಹಾಲಮ್ಮ ಬರಲಿಲ್ಲವೆಂದು ನೇರ ಅಂಗಡಿಗೇ ಬಂದರು. "ಎಂತ ಚಂದ್ರಕ್ಕ, ಹೊಸತು ಹೊಲಿಲಿಲ್ವಾ? ಮೂರು ತಿಂಗಳು ಕಳೆದು ಎಷ್ಟು ದಿನ ಆಯ್ತು?" ಚಂದ್ರಭಾಗಾಳಿಗೆ ರೇಗಿತು. "ಹೊಸದು ಯಾಕೆ ಮೇಡಂ? ನನ್ ಹೊಲಿಗೆ ಮೇಲೆ ಅನುಮಾನನಾ? ಅವಳು ಸುಳ್ಳು ಹೇಳಿದ್ದಕ್ಕೆ ನಾನೇನ್ ಮಾಡ್ಲಿ?" "ನಿಮ್ಮ ಹೊಲಿಗೆಯ ಸುದ್ದಿ ಯಾರು ತೆಗೆದದ್ದು ಮಾರಾಯ್ತಿ? ನಾನು ಹೇಳುವುದು ಬಟ್ಟೆಯ ಸುದ್ದಿ. ಹಗಲೂ ರಾತ್ರಿ ಎಳ್ಕೊಂಡೇ ಇದ್ರೆ ಬಟ್ಟೆಗೆ ಸುಸ್ತಾಗುವುದಿಲ್ವಾ? ಇಲಾಸ್ಟಿಕ್ ಅಲ್ವಾ ಅದು, ದಣಿತದೆ. ಸಾಕ್ಷಾತ್ ಹರಿಶ್ಚಂದ್ರ ತೊಟ್ಟರೂ ದಣಿತದೆ."

ಚಂದ್ರಭಾಗಾಳ ಕಣ್ಣು ಮೂಲೆಗೆ ಹೋಯಿತು. ಒನಕೆ. ನಾಲ್ಕು ತಿಂಗಳಿಂದ ದಿನಾ ಕಸ ಗುಡಿಸುವಾಗ ಸರಿಸಿ ಇಡುತ್ತಿದ್ದ ಒನಕೆ. ಬಂದವರೆಲ್ಲ ಎಳೆದು ನೋಡಿ, ಬಿಟ್ಟು ನೋಡಿದ ಆ ಪರೀಕ್ಷೆಯ ತೋಳು ಸುಕ್ಕುಗಟ್ಟಿ, ಕೆಳಕ್ಕೆ ಜಾರಿ, ಬುಡದಲ್ಲಿ ಮುದುಡಿ ಬಿದ್ದಿತ್ತು. ನಾನು ನನ್ನ ಅಂಗಡಿಯಿಂದ ನೋಡುತ್ತಿದ್ದೆ. ಅವಳು ಒನಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತಂದು, ಮೊದಲು ಆ ತೋಳಿನ ಹೊಲಿಗೆ ನೋಡಿದಳು, ಆಮೇಲೆ ಕಟ್ಟೆಯಡಿಯಿಂದ ಹಾಲಮ್ಮನ ತೋಳು ತೆಗೆದು ನೋಡಿದಳು. ಸುಳ್ಳಿಗೆ ಬಿಚ್ಚಿದ ಹೊಲಿಗೆಯಾದರೆ ದಾರದ ತುದಿ ಹುಳುವಿನಂತೆ ಸುರುಳಿ ಸುತ್ತಿ ಹೊರಗೆ ಬಂದಿರುತ್ತದೆ, ನಮ್ಮೂರಿನ ಕೂಸಿಗೂ ಅದು ಗೊತ್ತು. ಇಲ್ಲಿ ಬೆರಳಿನಿಂದ ಭುಜದವರೆಗೆ ಒಂದು ಎಳೆ ಕದಲಿರಲಿಲ್ಲ. "ಅಣ್ಣಾ" ಎಂದು ನನ್ನ ಕಡೆ ತಿರುಗಿ ಕೂಗಿದಳು, "ಒನಕೆ ಯಾವ ಸುಳ್ಳು ಹೇಳ್ತು?"

ನನ್ನ ಉತ್ತರಕ್ಕೆ ಕಾಯಲಿಲ್ಲ. ಒನಕೆಯನ್ನು ಹೆಗಲಿಗೇರಿಸಿದಳು, ಹಾಲಮ್ಮನ ತೋಳನ್ನು ಸೊಂಟಕ್ಕೆ ಸಿಕ್ಕಿಸಿದಳು, ಕೊಡಲು ಇಟ್ಟಿದ್ದ ಯಾರದೋ ಹೊಸ ಅಂಗಿಯೊಂದನ್ನು ಚೀಲಕ್ಕೆ ತುರುಕಿದಳು, ನಡೆದಳು. ನಡೆದಳು ಎಂದರೆ ಓಡಿದಳು. ಐರಿನ್ ಮೇಡಂ ಚಪ್ಪಲಿ ಕೈಗೆ ತೆಗೆದುಕೊಂಡು ಹಿಂದೆ, ನಾನು ಅಂಗಡಿಯ ಬಾಗಿಲೂ ಹಾಕದೆ ಅವರ ಹಿಂದೆ. ಮಟಮಟ ಮಧ್ಯಾಹ್ನ. ಭಟ್ಟಿ ಸಾಲಿನ ಹೆಂಗಸರು ಯಾರ ಮನೆಯಲ್ಲಿ ಹೊಡೆದಾಟ ಎಂದು ಎದ್ದು ಬಂದರು.

ಹಾಲಮ್ಮ ಹೊಸ್ತಿಲಲ್ಲಿ ಎಡಗೈಯಿಂದ ಅವರೆಕಾಯಿ ಬಿಡಿಸುತ್ತಿದ್ದಳು. ಚಂದ್ರಭಾಗಾ ಒನಕೆ ಇಳಿಸಿ, ಏದುಸಿರು ಬಿಡುತ್ತಾ ನಿಂತಳು. ಹೇಳಬೇಕೆಂದುಕೊಂಡು ಬಂದದ್ದು ಬೇರೆ, "ನೀನು ಹೇಳಿದ್ದು ನಿಜ ಅಂತ ನನಗೆ ಒಳಗೊಳಗೆ ಗೊತ್ತಿತ್ತು ಕಣೇ" ಎಂದು. ಆದರೆ ಮೈಮೇಲೆ ರವಿಕೆ ಇತ್ತು, ಅದೂ ಅವಳೇ ಹೊಲಿದದ್ದು. "ಹಾಲಮ್ಮ, ನಾನೂ ನಿನ್ನ ನಂಬಿರ್ಲಿಲ್ಲ. ನನ್ ಜಂಬಕ್ಕೆ ನಿನ್ ಕೈ ಬಲಿ ಕೊಟ್ಬಿಟ್ಟೆ" ಎಂದಳು. ಹಾಲಮ್ಮ ಅವಳ ರವಿಕೆಯ ಕೊಕ್ಕೆಗಳನ್ನು ಒಂದೊಂದಾಗಿ ನೋಡಿದಳು. ಎಲ್ಲ ಇದ್ದಲ್ಲೇ ಇದ್ದವು. "ಒಂದು ತಿಂಗಳು ಬೇಕಾಯ್ತಾ ಇದನ್ನ ಹೇಳಾಕೆ? ಮೊದ್ಲು ನೀರು ಕುಡಿ" ಎಂದು ಒಳಗೆ ಹೋಗಿ ಚೊಂಬು ತಂದಳು. ಚಂದ್ರಭಾಗಾ ಕುಡಿದು, "ಇವತ್ತೇ ಹೊಸ ಅಳತೆ. ಆದ್ರೆ ಮೊದ್ಲು ಬಾ" ಎಂದು ಅವಳ ಎಡಗೈ ಹಿಡಿದು ಎಬ್ಬಿಸಿದಳು.

ಬಕ್ಕೇಶಪ್ಪ ಭಟ್ಟಿಯ ಮುಂದೆ ಬೆಂಚಿನ ಮೇಲೆ ಕೂತು ಮಂಡಕ್ಕಿಗೆ ಎಣ್ಣೆ, ಈರುಳ್ಳಿ ಕಲೆಸಿಕೊಂಡು ತಿನ್ನುತ್ತಿದ್ದ. ಅವನ ಮುಂದೆ ಒನಕೆ ನಿಂತಿತು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಮುದುಕಿಯರು, ಚೀಲ ಹೊರುವವರು, ಕಮ್ಮಾರ, ಒಬ್ಬೊಬ್ಬರೂ ಹೊಲಿಗೆ ನೋಡಿ, ಒನಕೆ ನೋಡಿ, ಹಾಲಮ್ಮನ ಬಾಗಿದ ಬೆರಳು ನೋಡಿ ಕಣ್ಣು ಕೆಳಗೆ ಹಾಕಿದರು. "ಬಟ್ಟೆ ದಣಿದೈತೆ, ಅಷ್ಟೇಯ" ಎಂದಳೊಬ್ಬ ಅಜ್ಜಿ, ತಾನೇ ಕಂಡುಹಿಡಿದವಳಂತೆ. ಬಕ್ಕೇಶಪ್ಪ ಕೈ ಒರೆಸಿಕೊಂಡ. "ಬಟ್ಟೆ ದಣೀಲಿ ಬಿಡಲಿ, ನನಗ್ಯಾರೂ ಹೇಳಿರ್ಲಿಲ್ಲ." ಚಂದ್ರಭಾಗಾ ಚೀಲದಿಂದ ಹೊಸ ಅಂಗಿ ತೆಗೆದು ಅವನ ಮುಂದೆ ಹಿಡಿದಳು. "ಸಾವ್ಕಾರ್ರೆ, ಇದನ್ನ ತೊಟ್ಕಂಡು ಹೇಳಿ. ಹೊಲಿಗೆ ನಿಂತ್ರೆ ನಾನು ನಾಳೆಯಿಂದ ಅಂಗಡಿ ತೆಗೆಯಲ್ಲ."

ಬಕ್ಕೇಶಪ್ಪ ಅಂಗಿ ತೆಗೆದುಕೊಂಡ. ಮೂವತ್ತು ವರ್ಷದಿಂದ ಅಂಗಿ ಮುಟ್ಟದವನಿಗೆ ತೋಳು ಯಾವುದು, ಕುತ್ತಿಗೆ ಯಾವುದು ಎಂದೇ ತಿಳಿಯಲಿಲ್ಲ. ತಡಕಾಡಿ ಒಂದು ಕೈ ತೂರಿಸಿದ. ಇನ್ನೊಂದು ಕೈ ಹೊರಗೇ ಇತ್ತು. ಭಟ್ಟಿಯೊಳಗೆ ತಂತಿ ಬಿಗಿದ ಬಾಗಿಲಿನ ಮುಂದೆ ಕೂತಿದ್ದ ಹೊಸಬಳು ಹುರಿಯುವುದು ಬಿಟ್ಟು ಇವನನ್ನೇ ನೋಡುತ್ತಿದ್ದಳು. ಅವನೂ ಅವಳನ್ನು ನೋಡಿದ. "ಮೂರು ಸಲ ಅಲ್ಲ" ಎಂದ. ಜನ ಮುಂದಕ್ಕೆ ಬಾಗಿದರು. "ನಾಲ್ಕು ಸಲ ಹೇಳಿದ್ಳು. ಮೊದಲ್ನೇ ಸಲ ಹೇಳಿದ್ದು ಅವಳಿಗೇ ಮರೆತೈತೆ." ಎಲ್ಲರ ಕಣ್ಣೂ ಅಂಗಿಯ ಬಗಲಿನ ಮೇಲೆ. ಒಂದು ಎಳೆ ಕದಲಲಿಲ್ಲ. ಕಮ್ಮಾರ ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ ತಂತಿ ಬಿಚ್ಚಲು ಕೂತ.

ಅವತ್ತೇ ಹೊಸ ಅಳತೆಯಾಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ತಪ್ಪದೆ ಹೊಸ ಜೊತೆ, ಒಂದೂವರೆ ವರ್ಷ. ದಣಿದ ತೋಳುಗಳನ್ನೆಲ್ಲ ಚಂದ್ರಭಾಗಾ ಅಂಗಡಿಯ ಮುಂದೆ ಒನಕೆಗೆ ಒಂದರ ಮೇಲೊಂದು ತೊಡಿಸಿ ನಿಲ್ಲಿಸಿದಳು. ಸುತ್ತಲ ಊರಿನವರು ಕೈ, ಕಾಲು, ಕುತ್ತಿಗೆ, ಮುಖ ಸುಟ್ಟುಕೊಂಡವರು ಅವಳನ್ನು ಹುಡುಕಿಕೊಂಡು ಬಂದರು, ಈಗಲೂ ಬರುತ್ತಾರೆ. ಮುಂದಿನ ವರ್ಷದ ದಸರೆಗೆ ಹಾಲಮ್ಮ ಮತ್ತೆ ಭಟ್ಟಿಯ ಮುಂದೆ ಕೂತಳು, ಬಿಗಿತೋಳಿನ ಮೇಲೊಂದು ದಪ್ಪ ಕೈಗವಸು ಹಾಕಿಕೊಂಡು. ಜಾಲರಿ ಮೊದಲಿನಂತೆಯೇ ಓಡುತ್ತದೆ. ಉಂಗುರದ ಬೆರಳು ವಾಪಸು ಬಂತು. ಕಿರುಬೆರಳು ಬರಲಿಲ್ಲ. ಆ ಒಂದು ತಿಂಗಳಲ್ಲಿ ಬಾಗಿದ್ದು ಬಾಗಿದ ಹಾಗೇ ಉಳಿಯಿತು.

ಸರಿ, ಸೊಸೆ ಬೆರಳು ತೋರಿಸುತ್ತಿದ್ದಾಳೆ. ಆಗಿನಿಂದ ಹುಬ್ಬು ಏರಿಸಿದ್ದು ಇದಕ್ಕೇ ಅಂತೆ. ಎಡಗಡೆ ಬಗಲು ಒಂದು ಗೇಣು ಬಿಚ್ಚಿದೆ. ಜೋಡಿ ಹೊಲಿಗೆಯದು. ಎಲ್ಲಿ ಬಿಚ್ಚಿತು ಎಂದು ನನಗೆ ಗೊತ್ತು, ಮರೆವು ಬಂದಿಲ್ಲ ಎಂದು ನಾನೇ ಅಂದೆನಲ್ಲ. ಸಂತೆಯ ದಿನ ಹಾಲಮ್ಮನ ತೋಳು ನೋಡಿ "ಸಡಿಲಾಗೈತೆ, ನೋಡ್ರಪ್ಪ" ಎಂದವನು ನಾನು. ನನ್ನ ಅಂಗಡಿಯ ಮುಂದೆ, ಕೈಯಲ್ಲಿ ಬಿಳಿ ದಾರದ ಉಂಡೆ ಹಿಡಿದುಕೊಂಡು. ಅವತ್ತು ನನ್ನ ಅಂಗಿಯ ಒಂದು ಗುಂಡಿಯೂ ಅಲ್ಲಾಡಲಿಲ್ಲ, ಯಾಕೆಂದರೆ ನಾನು ಅದನ್ನು ನಂಬಿದ್ದೆ. ನಂಬಿ ಆಡಿದ ಮಾತಿಗೆ ನಮ್ಮೂರಿನ ಯಾವ ಹೊಲಿಗೆಯೂ ಬಿಚ್ಚುವುದಿಲ್ಲ, ಅದು ಎಷ್ಟೇ ತಪ್ಪಾಗಿರಲಿ. ಚಂದ್ರಭಾಗಾ ಒಂದು ತಿಂಗಳಿಗೆ ಹೋಗಿ ಅವಳ ಹೊಸ್ತಿಲಲ್ಲಿ ನಿಂತು ಹೇಳಿ ಬಂದಳು. ನಾನು ಇಪ್ಪತ್ತೆರಡು ವರ್ಷ ಅವಳ ಕೈಯಿಂದ ಬಿಸಿ ಮಂಡಕ್ಕಿ ಕಟ್ಟಿಸಿಕೊಂಡು, ಪೊಟ್ಟಣದ ಮೇಲೆ ಒತ್ತಿ ನಿಂತ ಆ ಕಿರುಬೆರಳನ್ನು ನೋಡಿ, ಸುಮ್ಮನೆ ಮನೆಗೆ ಬಂದೆ.

ಅದಕ್ಕೆ ಇದನ್ನು ಕೇಳಿದವರು ಇಲ್ಲಿಗೇ ಬಿಡಬೇಡಿ, ಮುಂದಕ್ಕೆ ಕಳಿಸಿ. ಸುಟ್ಟ ಕೈಗೆ ಬಿಗಿತೋಳು ತೊಟ್ಟವರು ಯಾರಾದರೂ ಇದ್ದರೆ ಅವರಿಗೆ ಮೊದಲು. ತೋಳು ಸಡಿಲವಾದರೆ ತಪ್ಪು ನಿಮ್ಮದಲ್ಲ, ಬಟ್ಟೆ ದಣಿದಿದೆ, ಹೊಸದು ಹೊಲಿಸಿ, ಬರಿಗೈಯಲ್ಲಿ ಕೂರಬೇಡಿ ಎಂದು ಹೇಳಿ. ಭಟ್ಟಿ ಸಾಲಿಗೂ ಕಳಿಸಿ. ಹಾಲಮ್ಮನ ಹತ್ತಿರ ಈಗ ಫೋನು ಇದೆ, ನಂಬರು ಸೊಸೆಗೆ ಗೊತ್ತು. ಅವತ್ತು ನನ್ನ ಮಾತು ಸಂಜೆಗೆ ಮುಂಚೆ ಊರೆಲ್ಲ ತಲುಪಿತ್ತು. ಈಗ ಗಂಟೆ ಹನ್ನೊಂದು. ಇದೂ ಸಂಜೆಗೆ ಮುಂಚೆ ತಲುಪಲಿ.